ಜರೀಗಿಡದ ಧರ್ಮಸೂಕ್ಷ್ಮ

ಮೃಗಶಿರಾ ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಚಿರೆಕಲ್ಲಿನ ಗೋಡೆಗಳೆಲ್ಲ ಹಸಿರು ಹೊದ್ದಿರುತ್ತವೆ. ಬಾವಿಯ ಒಳಗೋಡೆಯ ಸಂದಿನಲ್ಲಿ ಕಪ್ಪು ಕಡ್ಡಿಯ ಅಡಿಯಾಂಟಮ್. ಧರೆಯ ಅಂಚಿನಲ್ಲಿ, ಮಕ್ಕಳು ಮುಂಗೈಗೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಳ್ಳುವ ಬೆಳ್ಳಿ ಜರೀಗಿಡ. ಹಳೆಯ ಮಾವಿನ ಮರದ ಕವಲಿನಲ್ಲಿ ತರಗೆಲೆಗಳನ್ನು ಬುಡದಲ್ಲಿ ಹಿಡಿದಿಟ್ಟುಕೊಂಡು ಕೂತ ಡ್ರೈನೇರಿಯಾ. ಇವಕ್ಕೆ ಯಾರೂ ನೀರು ಹಾಕುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಜರೀಗಿಡಕ್ಕೆ ನೀರೆರೆಯುವುದೆಂದರೆ ಹೊಳೆಗೆ ನೀರು ಹೊತ್ತ ಹಾಗೆ. ಮಳೆಗಾಲ ಹೋಗಿ ಬಿಸಿಲೇರಿದಾಗ ಇವುಗಳಲ್ಲಿ ಬಹಳಷ್ಟು ಒಣಗುತ್ತವೆ. ಡ್ರೈನೇರಿಯಾ ತನ್ನ ಹಸಿರು ಗರಿಗಳನ್ನು ಉದುರಿಸಿ, ಕಂದು ತುಪ್ಪುಳದ ಕಾಂಡವನ್ನು ಉಳಿಸಿಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಅದನ್ನು ಕಂಡು ಯಾರಿಗೂ ಪಾಪಪ್ರಜ್ಞೆ ಕಾಡುವುದಿಲ್ಲ. ಕಾಡಬೇಕಾಗಿಯೂ ಇಲ್ಲ.

ಅದೇ ಬಳಗದ ಒಂದು ಗಿಡವನ್ನು ಕುಂಡಕ್ಕೆ ಹಾಕಿ ಚಾವಡಿಯ ಮೂಲೆಯಲ್ಲಿಟ್ಟರೆ ಮಾತು ಬೇರೆ. ಸೂರಿನಡಿ ಬಂದ ಕ್ಷಣದಿಂದ ಅದಕ್ಕೆ ಮಳೆಯಿಲ್ಲ, ಇಬ್ಬನಿಯಿಲ್ಲ, ಬೇರು ಚಾಚಿ ತೇವ ಹುಡುಕಿಕೊಳ್ಳುವ ನೆಲವಿಲ್ಲ. ಇರುವುದು ಒಬ್ಬ ಮನುಷ್ಯ, ಒಂದು ಲೋಟ. ಇನ್ನು ಆ ಗಿಡ ಒಣಗಿದರೆ ತಪ್ಪು ಯಾರದು? ಅದಕ್ಕಿಂತ ಮುಖ್ಯವಾಗಿ, ಅದು ಯಾವ ಜಾತಿಯ ತಪ್ಪು? ಬರೀ ಅಲಕ್ಷ್ಯವೇ, ದುಡ್ಡಿನ ನಷ್ಟವೇ, ಹಿಂಸೆಯೇ? ಈ ಮೂರು ತಾಲ್ಲೂಕುಗಳಲ್ಲಿ ನೂರಾರು ವರ್ಷ ಅಕ್ಕಪಕ್ಕದಲ್ಲೇ ಬಾಳಿಬಂದ ಮೂರು ಧರ್ಮಚಿಂತನೆಗಳನ್ನು ಕೇಳಿದರೆ ಮೂರು ಬೇರೆ ಉತ್ತರ ಸಿಗುತ್ತವೆ.

ಪೇಟೆಯ ನರ್ಸರಿಗಳಲ್ಲಿ ಕುಂಡಕ್ಕೆಂದು ಹೆಚ್ಚಾಗಿ ಮಾರುವ ಜರೀಗಿಡ ಬಾಸ್ಟನ್ ಫರ್ನ್. ನೆಫ್ರೊಲೆಪಿಸ್ ಎಂಬ ಕುಲದ್ದು. 1894ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬಾಸ್ಟನ್ನಿನತ್ತ ಹೋದ ಗಿಡಗಳ ರಾಶಿಯಲ್ಲಿ, ಉಳಿದವುಗಳ ಹಾಗೆ ನೆಟ್ಟಗೆ ನಿಲ್ಲದೆ ಗರಿ ಬಾಗಿಸಿಕೊಂಡಿದ್ದ ಒಂದು ಗಿಡ ಕಣ್ಣಿಗೆ ಬಿತ್ತು. ಅಲ್ಲಿಂದ ಅದು ಜಗತ್ತಿನ ಪಡಸಾಲೆಗಳಿಗೆಲ್ಲ ಹಬ್ಬಿತು. ಇದರ ದಾಯಾದಿಗಳು ಪಶ್ಚಿಮ ಘಟ್ಟದಲ್ಲೂ ಇವೆ. ನರ್ಸರಿಯದ್ದಕ್ಕೆ ದುಡ್ಡು, ಘಟ್ಟದ್ದು ಪುಕ್ಕಟೆ; ಬಾಯಾರಿಕೆ ಎರಡಕ್ಕೂ ಒಂದೇ.

ಧರ್ಮಚರ್ಚೆಗೆ ಜರೀಗಿಡವನ್ನೇ ಯಾಕೆ ಎತ್ತಿಕೊಳ್ಳಬೇಕು ಎಂದರೆ, ಅದರಿಂದ ಏನೂ ಹುಟ್ಟುವುದಿಲ್ಲ. ಭಟ್ಕಳದ ಮಲ್ಲಿಗೆ ಬುಡಕ್ಕೆ ನೀರೆರೆದವಳಿಗೆ ಮೊಗ್ಗು ಸಿಗುತ್ತದೆ, ಮೊಗ್ಗಿಗೆ ಕಾಸು ಸಿಗುತ್ತದೆ. ತೋಟಕ್ಕೆ ನೀರು ಬಿಟ್ಟ ಹವ್ಯಕನಿಗೆ ಅಡಿಕೆ ಸಿಗುತ್ತದೆ. ತುಳಸಿಗೆ ಎರೆದರೆ ಪುಣ್ಯ. ಜರೀಗಿಡ ಹೂ ಬಿಡದು, ಕಾಯಿ ಕಟ್ಟದು, ಪರಿಮಳ ಬೀರದು. ಗಣಪತಿಗೆ ಏರಿಸುವ 21 ಪತ್ರೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇಡಗುಂಜಿಯ ವಿನಾಯಕನಿಗೆ ಗರಿಕೆ ಬೇಕು, ಜರಿ ಬೇಡ. ಕೊಡಗಿನವರು ಮಳೆಗಾಲದಲ್ಲಿ ಒಂದು ಜಾತಿಯ ಎಳೆಯ ಸುರುಳಿಗಳನ್ನು ಥೆರ್ಮೆ ತೊಪ್ಪು ಎಂದು ಪಲ್ಯ ಮಾಡಿ ತಿನ್ನುತ್ತಾರೆ, ನಿಜ. ಆದರೆ ಚಾವಡಿಯ ಫರ್ನನ್ನು ಯಾರೂ ಒಗ್ಗರಣೆಗೆ ಹಾಕುವುದಿಲ್ಲ. ಲಾಭ, ಪುಣ್ಯ ಎರಡನ್ನೂ ಕಳೆದ ಮೇಲೆ ಉಳಿಯುವ ಕರ್ತವ್ಯ ಎಂಥದ್ದು ಎಂದು ನೋಡಲು ಇದಕ್ಕಿಂತ ಅನುಕೂಲದ ಗಿಡ ಸಿಗಲಾರದು.

ಮೊದಲು ಗೋಕರ್ಣದ ಕಡೆಯಿಂದ. ಕುಮಟಾ ತಾಲ್ಲೂಕಿನ ಈ ಕ್ಷೇತ್ರ ಮಹಾಬಲೇಶ್ವರನಿಗೆ ಹೇಗೋ ವೇದಾಧ್ಯಯನಕ್ಕೂ ಹಾಗೆಯೇ ಹೆಸರುವಾಸಿ. ವೇದದ ಕರ್ಮಭಾಗವನ್ನು ತರ್ಕದ ಒರೆಗೆ ಹಚ್ಚಿದ ಮೀಮಾಂಸಕರು, ಜೈಮಿನಿಯಿಂದ ಶಬರ, ಕುಮಾರಿಲರವರೆಗಿನ ಪರಂಪರೆಯವರು, ಮನುಷ್ಯ ಮಾಡಬೇಕಾದ ಕೆಲಸಗಳನ್ನು ವಿಂಗಡಿಸಿಟ್ಟರು. ಸಂಧ್ಯಾವಂದನೆಯಂತೆ ದಿನವೂ ಮಾಡಬೇಕಾದದ್ದು ನಿತ್ಯ. ಮಾಡಿದರೆ ವಿಶೇಷ ಫಲವೆಂದೇನಿಲ್ಲ, ಬಿಟ್ಟರೆ ದೋಷ. ಗ್ರಹಣಸ್ನಾನದಂತೆ, ಮಗು ಹುಟ್ಟಿದಾಗಿನ ಜಾತಕರ್ಮದಂತೆ, ಕಾರಣವೊಂದು ಒದಗಿದಾಗ ಮಾತ್ರ ಮಾಡಬೇಕಾದದ್ದು ನೈಮಿತ್ತಿಕ. ಏನನ್ನೋ ಬಯಸಿ ಮಾಡುವುದು ಕಾಮ್ಯ.

ತುಳಸಿಕಟ್ಟೆಗೆ ಬೆಳಿಗ್ಗೆ ಮಿಂದು ಬಂದು ಎರೆಯುವ ಒಂದು ತಂಬಿಗೆ ನೀರು ನಿತ್ಯದ ಸಾಲಿಗೆ ಸೇರುತ್ತದೆ. ಫರ್ನನ್ನು ಮನೆಗೆ ತಂದದ್ದು ಕಾಮ್ಯ: ಚಾವಡಿ ಚೆಂದ ಕಾಣಲಿ ಎಂಬ ಆಸೆ. ತಂದ ಮೇಲೆ ಅದಕ್ಕೆ ನೀರು ಹಾಕುವುದು? ಬಹಳ ಮನೆಗಳಲ್ಲಿ ಅದನ್ನು ನಿತ್ಯಕರ್ಮದ ಹಾಗೆ ಮಾಡುತ್ತಾರೆ. ಬೆಳಿಗ್ಗೆ ಚಾ ಆದ ಕೂಡಲೇ ಒಂದು ಲೋಟ, ಮಳೆಯಿರಲಿ ಬಿಸಿಲಿರಲಿ, ತಪ್ಪದೆ. ಕೆಡುಕು ಶುರುವಾಗುವುದೇ ಇಲ್ಲಿ. ಜರೀಗಿಡದ ನೀರು ಅಪ್ಪಟ ನೈಮಿತ್ತಿಕ. ಮೇಲ್ಮಣ್ಣು ಒಣಗುವುದೇ ಅದರ ನಿಮಿತ್ತ. ಗ್ರಹಣ ಯಾವಾಗೆಂದು ಪಂಚಾಂಗ ನೋಡಿ ಹೇಳಬಹುದು. ಕುಂಡದ ಮಣ್ಣು ಯಾವಾಗ ಒಣಗುತ್ತದೆ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಬೆರಳು ಹಾಕಿಯೇ ನೋಡಬೇಕು.

ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗಿಳಿಸಿದಾಗ ತುದಿಗೆ ತಂಪು ತಗುಲಿ, ಹೊರತೆಗೆದಾಗ ನಾಲ್ಕು ಕಾಳು ಮಣ್ಣು ಅಂಟಿ ಬಂದರೆ ಆ ಹೊತ್ತಿಗೆ ನೀರು ಬೇಡ. ಬೆರಳು ಒಣಗಿಯೇ ಬಂದರೆ, ಮೇಲ್ಮಣ್ಣು ತನ್ನ ಕಪ್ಪು ಬಿಟ್ಟು ಬೂದುಬಣ್ಣಕ್ಕೆ ತಿರುಗಿದ್ದರೆ, ಬೇಕು. ಎರಡೂ ಕೈಯಲ್ಲಿ ಕುಂಡವನ್ನು ಒಮ್ಮೆ ಎತ್ತಿದರೆ ಇನ್ನೂ ಖಚಿತವಾಗಿ ಗೊತ್ತಾಗುತ್ತದೆ. ನೀರುಂಡ ಕುಂಡದ ಭಾರಕ್ಕೂ ಒಣಗಿದ ಕುಂಡದ ಭಾರಕ್ಕೂ ಇರುವ ಅಂತರ ಒಂದು ವಾರದಲ್ಲಿ ಕೈಗೆ ಪಾಠವಾಗುತ್ತದೆ. ನೀರನ್ನು ಗರಿಗಳ ನೆತ್ತಿಗೆ ಸುರಿಯಬಾರದು, ಕುಂಡದ ಅಂಚಿನ ಸುತ್ತ ನಿಧಾನವಾಗಿ ಬಿಡಬೇಕು. ಹೊಸ ಗರಿಗಳು ಸುರುಳಿ ಸುತ್ತಿಕೊಂಡು ಮೇಲೇಳುವ ನಡುವಿನ ಜಾಗ ಸದಾ ತೊಯ್ದಿದ್ದರೆ ಕೊಳೆಯುತ್ತದೆ. ಮರದ ಬೇರಿಗೆ ನೀರೆರೆಯುವ ರೂಪಕವನ್ನು ಬಸವಣ್ಣನವರು ಲಿಂಗ-ಜಂಗಮ ಸಂಬಂಧ ಹೇಳುವುದಕ್ಕೆ ಬಳಸಿಕೊಂಡದ್ದನ್ನು ಕನ್ನಡಿಗರು ಬಲ್ಲರು. ಇಲ್ಲಿ ಅದು ರೂಪಕವೂ ಅಲ್ಲ, ನೇರ ಸೂಚನೆ. ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ, ಕಾಲು ಗಂಟೆ ಬಿಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿದರೆ ಕೆಲಸ ಮುಗಿಯಿತು.

ಚೆಲ್ಲದೆ ಬಿಟ್ಟರೆ ಏನಾಗುತ್ತದೆ? ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು, ಗರಿ ಬಾಡುತ್ತದೆ. ಬಾಡಿದ್ದನ್ನು ಕಂಡ ಮನೆಯವರು ‘ಅಯ್ಯೋ, ಬಾಯಾರಿದೆ’ ಎಂದು ಇನ್ನಷ್ಟು ಹಾಕುತ್ತಾರೆ. ನೀರಿಲ್ಲದೆ ಸತ್ತ ಗಿಡವೂ ನೀರು ಹೆಚ್ಚಾಗಿ ಸತ್ತ ಗಿಡವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಎಂಬುದು ಈ ವಿಷಯದ ಅತಿ ಕ್ರೂರ ಸಂಗತಿ.

ಗಿಡ ತನ್ನ ಸ್ಥಿತಿಯನ್ನು ಮೊದಲೇ ಹೇಳಿಕೊಳ್ಳಬಾರದೇ? ಹೂಬಿಡುವ ಗಿಡಗಳು ಬರ ಬಂದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನನ್ನು ಹೊರಡಿಸಿ ಎಲೆಯ ಪತ್ರರಂಧ್ರಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಟಿಮ್ ಬ್ರಾಡ್ರಿಬ್ ಮತ್ತು ಸ್ಕಾಟ್ ಮ್ಯಾಕ್‌ಆಡಮ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜರೀಗಿಡಗಳ ರಂಧ್ರಗಳಿಗೆ ಈ ಹಾರ್ಮೋನಿನ ಹಂಗಿಲ್ಲ, ಎಲೆಯಲ್ಲಿ ನೀರು ಇಳಿದಾಗ ತಾವಾಗಿ ಮುಚ್ಚುತ್ತವೆ ಅಷ್ಟೇ ಎಂದು ಬರೆದರು. ಅದರ ಮೇಲೆ ವಾದವಿವಾದ ಇನ್ನೂ ನಡೆದಿದೆ. ವಾದ ಯಾವ ಕಡೆ ನಿಂತರೂ ಮನೆಯ ಅನುಭವ ಒಂದೇ: ಜರೀಗಿಡ ಮುಂಚಿತವಾಗಿ ಎಚ್ಚರಿಸುವ ಸ್ವಭಾವದ್ದಲ್ಲ. ನಿನ್ನೆ ಸೊಂಪಾಗಿದ್ದದ್ದು ಇವತ್ತು ತುದಿ ಸುಟ್ಟುಕೊಂಡಿರುತ್ತದೆ.

ಇನ್ನು ಕಾಲಮಾನ. ಆರಿದ್ರಾದಿಂದ ಪುಷ್ಯ, ಆಶ್ಲೇಷಾ ಮಳೆಗಳವರೆಗೆ ಕರಾವಳಿಯ ಮನೆಯೊಳಗೆ ಒಗೆದ ಬಟ್ಟೆ ಮೂರು ದಿನಕ್ಕೂ ಆರದು, ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗುತ್ತದೆ, ಗೋಡೆ ಬೆವರುತ್ತದೆ. ಗಾಳಿಯೇ ಅಷ್ಟು ತೇವವಿದ್ದಾಗ ಕುಂಡದ ಮಣ್ಣು ಒಣಗುವುದಾದರೂ ಹೇಗೆ? ಆಗ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ ಹಾಕಿದರೆ ಸಾಕು. ಆದರೆ ಪೂರ್ತಿ ಮರೆಯುವಂತಿಲ್ಲ. ಹೊರಗೆ ಜಡಿಮಳೆ, ಒಳಗೆ ಕುಂಡದಲ್ಲಿ ಬರ ಎಂಬ ವಿಚಿತ್ರ ನಡೆಯುವುದು ಇದೇ ತಿಂಗಳುಗಳಲ್ಲಿ, ಮಳೆಯ ಸದ್ದು ಕೇಳುತ್ತ ಗಿಡಕ್ಕೂ ನೀರು ಸಿಕ್ಕಿದೆ ಎಂದು ಮನಸ್ಸು ತಪ್ಪು ಲೆಕ್ಕ ಹಾಕುವುದರಿಂದ. ಹಸ್ತ, ಚಿತ್ತಾ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತದೆ, ಮತ್ತೆ ದಿನ ಬಿಟ್ಟು ದಿನದ ಲೆಕ್ಕಕ್ಕೆ ಮರಳಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಬೀಸುವ ಮೂಡುಗಾಳಿ ಒಣಗಾಳಿ. ಗಿಡದ ಬೆಳವಣಿಗೆ ಆಗ ನಿಧಾನ, ಮಣ್ಣಿಗೆ ಹೆಚ್ಚು ನೀರು ಬೇಡ. ಬೇಕಾದದ್ದು ಗಾಳಿಯಲ್ಲಿ ತೇವ. ಬೆಣಚುಕಲ್ಲು ಹಾಸಿದ ತಟ್ಟೆಗೆ ನೀರು ಹಾಕಿ, ನೀರು ಕುಂಡದ ತಳಕ್ಕೆ ತಾಗದಂತೆ ಅದರ ಮೇಲೆ ಕುಂಡವಿಟ್ಟರೆ ಒಂದಿಷ್ಟು ಸಿಗುತ್ತದೆ. ಏಸಿ ಇರುವ ಕೋಣೆಯಲ್ಲಂತೂ ವರ್ಷವಿಡೀ ಡಿಸೆಂಬರ್. ಮಾರ್ಚ್ ಹೊಕ್ಕ ಮೇಲೆ ದಿನವೂ ಬೇಕು, ಬಿಸಿಲಿನ ದಿಕ್ಕಿನ ಕಿಟಕಿಯಾದರೆ ಎರಡು ಹೊತ್ತೂ ನೋಡಬೇಕು.

ಮಾರ್ಚ್‌ನಲ್ಲೇ ಇನ್ನೊಂದು ತೊಡಕು ಬರುತ್ತದೆ, ಅದು ಈ ಸೀಮೆಯದ್ದೇ. ಶರಾವತಿ, ಅಘನಾಶಿನಿಗಳ ಅಳಿವೆ ಹತ್ತಿರದ ಬಾವಿಗಳಲ್ಲಿ ಸಿಹಿನೀರಿನ ಮಟ್ಟ ಇಳಿದಂತೆ ಸಮುದ್ರದ ನೀರು ಒಳಗೆ ಜಿನುಗುತ್ತದೆ. ಚಾದ ರುಚಿ ಸ್ವಲ್ಪ ಉಪ್ಪಿಗೆ ತಿರುಗುವುದರಿಂದಲೇ ಮನೆಯವರಿಗೆ ಅದು ತಿಳಿಯುವುದು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಡೆದುಕೊಂಡು ಕಾಳು ಕಟ್ಟುತ್ತದೆ. ಜರೀಗಿಡಕ್ಕೆ ಆ ಗಟ್ಟಿತನವಿಲ್ಲ. ಉಪ್ಪು ಮಣ್ಣಿನಲ್ಲಿ ಕೂಡಿಕೊಂಡು ಗರಿಯ ತುದಿ, ಅಂಚು ಕಂದಾಗುತ್ತ ಬರುತ್ತದೆ. ಇದನ್ನೂ ಬಾಯಾರಿಕೆಯೆಂದೇ ಬಗೆದು ಅದೇ ನೀರನ್ನು ಹೆಚ್ಚು ಹಾಕಿದರೆ ಉಪ್ಪೂ ಹೆಚ್ಚುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಾಲ್ಕು ಕೊಡ ಸೂರಿನ ನೀರು ಹಿಡಿದು ಮುಚ್ಚಿಟ್ಟುಕೊಂಡವರ ಗಿಡ ಏಪ್ರಿಲ್ ದಾಟುತ್ತದೆ. ತಿಂಗಳಿಗೊಮ್ಮೆ ಸಿಹಿನೀರನ್ನು ಧಾರಾಳವಾಗಿ ಹರಿಸಿ ಮಣ್ಣಿನ ಉಪ್ಪು ತೊಳೆಯುವುದೂ ಒಳ್ಳೆಯದು. ಕುಂಡಕ್ಕೆ ತುಂಬುವ ತೆಂಗಿನ ನಾರಿನ ಪುಡಿಯನ್ನೂ ಮೊದಲೇ ಎರಡು ಸಲ ತೊಳೆಯಬೇಕು. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯದ್ದಾದರೆ ಅದರಲ್ಲೇ ಉಪ್ಪಿರುತ್ತದೆ.

ಇಷ್ಟೆಲ್ಲ ನೋಡಿದರೆ ನಿತ್ಯಕರ್ಮ ಕುರುಡು, ನೈಮಿತ್ತಿಕವೇ ಜಾಣ ಎಂದು ತೀರ್ಮಾನಿಸಲು ಕೈ ತುರಿಸುತ್ತದೆ. ಆತುರ ಬೇಡ. ಪೂಜೆಯ ಪದ್ಧತಿಗೂ ಋತುಮಾನ ಗೊತ್ತು. ಬೇಸಿಗೆಯಲ್ಲಿ ಶಿವಲಿಂಗದ ಮೇಲೆ ತಳದಲ್ಲಿ ಸಣ್ಣ ತೂತಿರುವ ಧಾರಾಪಾತ್ರೆ ತೂಗುತ್ತದೆ, ಹನಿ ಹನಿಯಾಗಿ ದಿನವಿಡೀ. ಬಂಗಾಳ, ಒಡಿಶಾಗಳಲ್ಲಿ ವೈಶಾಖ ಮಾಸದಲ್ಲಿ ತುಳಸಿಗಿಡದ ಮೇಲೂ ಹೀಗೆಯೇ ತೂತಿನ ಮಡಕೆ ಕಟ್ಟುತ್ತಾರೆ. ಅದು ಭಕ್ತಿಯೂ ಹೌದು, ಸೊಗಸಾದ ಹನಿ ನೀರಾವರಿಯೂ ಹೌದು. ವೈಶಾಖದ ಉದಕುಂಭ ದಾನವೂ ಅಂಥದ್ದೇ. ತುಂಬಿದ ಕೊಡ ದಾನ ಮಾಡು ಎಂದು ಆಷಾಢದಲ್ಲಿ ಯಾರೂ ಹೇಳಲಿಲ್ಲ.

ಗೀತೆಯ ಹೆಸರಿನಲ್ಲಿ ಒಂದು ನೆಪ ಬಳಕೆಯಲ್ಲಿದೆ: ‘ನನ್ನ ಕೆಲಸ ನೀರು ಹಾಕುವುದು, ಬದುಕುವುದು ಬಿಡುವುದು ಅದರ ಹಣೆಬರಹ’. ನಿಷ್ಕಾಮಕರ್ಮವೆಂದರೆ ಇದೇ ಎಂದು ಹಲವರ ನಂಬಿಕೆ. ಆದರೆ 18ನೆಯ ಅಧ್ಯಾಯ ಕರ್ಮವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವಾಗ ತಾಮಸಕ್ಕೆ ಕೊಡುವ ಲಕ್ಷಣವನ್ನು ಗಮನಿಸಬೇಕು: ಮುಂದೇನಾಗುತ್ತದೆ, ಎಷ್ಟು ಹಾಳಾಗುತ್ತದೆ, ಯಾರಿಗೆ ಹಿಂಸೆಯಾಗುತ್ತದೆ, ತನ್ನ ಶಕ್ತಿಯೆಷ್ಟು ಎಂಬುದೊಂದನ್ನೂ ನೋಡದೆ ಮೋಹದಿಂದ ತೊಡಗುವುದು. ಫಲ ನನಗೆ ಬೇಡ ಎನ್ನುವುದು ಬೇರೆ, ಫಲವೇನಾಯಿತೆಂದು ತಿರುಗಿ ನೋಡದಿರುವುದು ಬೇರೆ. ಆಷಾಢದಲ್ಲಿ ಕೆಸರಾಗಿರುವ ಕುಂಡಕ್ಕೆ ವ್ರತವೆಂಬಂತೆ ನೀರು ಹಾಕುವಾತ ಎರಡನೆಯದನ್ನು ಮಾಡುತ್ತ ಮೊದಲನೆಯದರ ಹೆಸರು ಹೇಳುತ್ತಾನೆ. 17ನೆಯ ಅಧ್ಯಾಯ ದಾನದ ಬಗ್ಗೆ ಹೇಳುವಾಗಲೂ ದೇಶ, ಕಾಲ, ಪಾತ್ರಗಳನ್ನು ಕೇಳುತ್ತದೆ: ಎಲ್ಲಿ, ಯಾವಾಗ, ಯಾರಿಗೆ. ಪ್ರತಿಫಲ ಕೊಡಲಾರದವನಿಗೆ ಕೊಡುವುದನ್ನು ಅದು ಮೆಚ್ಚುತ್ತದೆ. ಆ ಅರ್ಹತೆ ಜರೀಗಿಡಕ್ಕೆ ಧಾರಾಳವಾಗಿದೆ.

ಇಷ್ಟಾದರೂ ಇಲ್ಲಿಯವರೆಗಿನ ವಾದ ಹಾಕುವವನ ಸುತ್ತಲೇ ತಿರುಗುತ್ತಿದೆ. ಅವನ ಕರ್ಮ, ಅವನ ದೋಷ, ಅವನ ಗುಣ. ಗಿಡಕ್ಕೇನಾಗುತ್ತದೆ ಎಂದು ಕೇಳಿದವರು ಬೇರೆ. ಮಹಾಭಾರತದ ಶಾಂತಿಪರ್ವದಲ್ಲಿ ಭರದ್ವಾಜ ಮರಗಳಿಗೆ ಇಂದ್ರಿಯಗಳೆಲ್ಲಿವೆ ಎಂದು ಸಂಶಯ ಎತ್ತಿದಾಗ ಭೃಗು ಬಿಸಿಗೆ ಎಲೆ ಬಾಡುವುದನ್ನು ತೋರಿಸಿ ಅವಕ್ಕೆ ಸ್ಪರ್ಶವಿದೆ ಎನ್ನುತ್ತಾನೆ. ಆದರೆ ಈ ವಿಷಯವನ್ನು ಒಂದು ಶಿಸ್ತಾಗಿ, ಕಟ್ಟುನಿಟ್ಟಿನ ಲೆಕ್ಕವಾಗಿ ಬೆಳೆಸಿದವರು ಜೈನರು.

ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಹಳೆಯ ಸಂಗೀತಪುರ, ಒಂದು ಕಾಲದ ಜೈನ ವಿದ್ಯಾಕೇಂದ್ರ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ರಚಿಸಿದ ಭಟ್ಟಾಕಳಂಕ ಅಲ್ಲಿನ ಮಠದ ಪರಂಪರೆಯವನು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ನೆಲದಲ್ಲಿ, ಶರಾವತಿಯಾಚೆಯ ಕಾಡಿನ ನಡುವೆ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಈ ಪರಂಪರೆಯ ಪ್ರಕಾರ ಗಿಡ ಏಕೇಂದ್ರಿಯ ಜೀವ, ಅದಕ್ಕಿರುವುದು ಸ್ಪರ್ಶವೊಂದೇ. ತೊಡಕೆಂದರೆ ನೀರೂ ಹಾಗೆಯೇ. ಜಲಕಾಯದ ಜೀವಗಳೂ ಏಕೇಂದ್ರಿಯಗಳೇ. ಒಂದು ಲೋಟ ನೀರು ಹಾಕುವುದೆಂದರೆ ಒಂದು ಜೀವವನ್ನು ಉಳಿಸಲು ಎಣಿಸಲಾಗದಷ್ಟು ಜೀವಗಳನ್ನು ಕದಡಿದಂತೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಅದೇ ಬಾವಿಗೆ ಜೋಪಾನವಾಗಿ ಇಳಿಸುವ ಜೈನ ಗೃಹಸ್ಥನ ರೂಢಿಯ ಹಿಂದೆ ಇರುವುದು ಈ ನೋಟವೇ. ಹೊರಗಿನವರಿಗೆ ಅತಿಯೆನಿಸಬಹುದು. ಆದರೆ ಜರೀಗಿಡದ ಹುಟ್ಟನ್ನೊಮ್ಮೆ ನೋಡಿ: ಗರಿಯ ಹಿಂಬದಿಯ ಕಂದುಚುಕ್ಕೆಗಳಿಂದ ಉದುರಿದ ಬೀಜಾಣು ಒದ್ದೆ ನೆಲದಲ್ಲಿ ಉಗುರಿಗಿಂತ ಚಿಕ್ಕ ಹಸಿರು ಚೂರಾಗುತ್ತದೆ, ಅದರ ಅಡಿಯಲ್ಲಿ ಹರಡಿದ ನೀರಿನ ತೆಳುಪದರದಲ್ಲಿ ಗಂಡುಕಣ ಈಜಿಕೊಂಡು ಹೋಗಿ ಅಂಡವನ್ನು ಸೇರಬೇಕು. ಆ ಪದರವಿಲ್ಲದಿದ್ದರೆ ಮುಂದಿನ ಪೀಳಿಗೆಯೇ ಇಲ್ಲ. ನೀರು ಜೀವದಿಂದ ತುಂಬಿದೆ ಎಂಬ ಮಾತನ್ನು ಸಸ್ಯಲೋಕದಲ್ಲಿ ಇಷ್ಟು ಅಕ್ಷರಶಃ ಬದುಕುವವು ಕೆಲವೇ.

ಹಾಗಾದರೆ ಜೈನ ಶ್ರಾವಕ, ಅಂದರೆ ಗೃಹಸ್ಥ, ಫರ್ನ್ ಸಾಕಬಹುದೇ? ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅನರ್ಥದಂಡದ, ಅಂದರೆ ಕಾರಣವಿಲ್ಲದ ಹಿಂಸೆಯ, ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸುತ್ತದೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಕದಡುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಚಾವಡಿಯ ಅಂದ ಒಂದು ಪ್ರಯೋಜನವೇ ಎಂದು ಕೇಳಿದರೆ ಕಟ್ಟುನಿಟ್ಟಿನವನು ಗಿಡವನ್ನು ತರಲೇಬೇಡ ಎಂದಾನು. ತಂದಾಗಿದ್ದರೆ? ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತದ ಲೋಪಗಳನ್ನು, ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನ ತಡೆಯುವುದು. ಇವು ದನಕರು, ಆಳುಕಾಳುಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತುಗಳು; ಕುಂಡದ ಗಿಡಕ್ಕೆ ಅನ್ವಯಿಸುವುದು ಸ್ವಲ್ಪ ಎಳೆದಾಟವೇ. ಆದರೂ ಮೊದಲನೆಯದೂ ಕೊನೆಯದೂ ಜೊತೆಯಲ್ಲಿರುವುದನ್ನು ಕಡೆಗಣಿಸಲಾಗದು. ಕಟ್ಟಿದವನ ಮೇಲೆಯೇ ನೀರಿನ ಹೊಣೆ ಬೀಳುವುದು, ಕಟ್ಟದ ಡ್ರೈನೇರಿಯಾದ ಹೊಣೆ ಯಾರ ಮೇಲೂ ಬೀಳದಿರುವುದು, ಎರಡರ ಕಾರಣವೂ ಅಲ್ಲಿದೆ. ಗರಿಗಳನ್ನು ಅಂದಕ್ಕೆಂದು ಕತ್ತರಿಸುವವರು ಮೂರನೆಯದನ್ನೂ ಓದಿಕೊಳ್ಳಬಹುದು.

ಇದೇ ತರ್ಕ ಪ್ರವಾದಿ ಮುಹಮ್ಮದರ ಒಂದು ಪ್ರಸಿದ್ಧ ಹದೀಸಿನಲ್ಲಿ ಕಾಣುತ್ತದೆ, ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿರುವಂಥದ್ದು. ಬೆಕ್ಕನ್ನು ಕೂಡಿಹಾಕಿದ ಹೆಂಗಸೊಬ್ಬಳು ಅದಕ್ಕೆ ತಿನ್ನಲೂ ಕೊಡಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆ ಹಿಡಿದು ತಿನ್ನಲು ಹೊರಗೂ ಬಿಡಲಿಲ್ಲ. ಅದಕ್ಕಾಗಿ ಅವಳಿಗೆ ನರಕ. ಶಿಕ್ಷೆ ಬಂದದ್ದು ಅನ್ನ ಹಾಕದ್ದಕ್ಕೆ ಮಾತ್ರವಲ್ಲ, ತಾನೇ ಹುಡುಕಿಕೊಳ್ಳುವ ದಾರಿಯನ್ನು ಮುಚ್ಚಿದ್ದಕ್ಕೆ.

ಭಟ್ಕಳದ ನವಾಯತ ಮುಸ್ಲಿಮರು ಬಹುಪಾಲು ಶಾಫಿ ಪಂಥದವರು. ಅರಬ್ಬೀ ಕಡಲಿನ ವ್ಯಾಪಾರದ ಜೊತೆ ಈ ಕರಾವಳಿಗೆ ಬಂದ ಪಂಥ ಅದು. ಶಾಫಿ ನ್ಯಾಯಶಾಸ್ತ್ರದಲ್ಲಿ 13ನೆಯ ಶತಮಾನದ ಇಮಾಮ್ ನವವಿ ಅವರ ‘ಮಿನ್ಹಾಜ್’ ಆಧಾರಗ್ರಂಥಗಳಲ್ಲೊಂದು. ಸಾಕಿದ ಪ್ರಾಣಿಗೆ ಮೇವು, ನೀರು ಕೊಡುವುದು ಒಡೆಯನ ಮೇಲೆ ಕಡ್ಡಾಯ, ಆಗದಿದ್ದರೆ ಮಾರಬೇಕು ಎಂದೆಲ್ಲ ಹೇಳಿದ ಮೇಲೆ ಅದು ಆತ್ಮವಿಲ್ಲದ ವಸ್ತುಗಳ ಮಾತಿಗೆ ಬರುತ್ತದೆ: ಕಾಲುವೆ, ಮನೆಯಂಥವನ್ನು ದುರಸ್ತಿಯಲ್ಲಿಡಬೇಕೆಂಬ ಕಡ್ಡಾಯವಿಲ್ಲ. ಬೆಳೆ, ಮರಗಳ ವಿಷಯದಲ್ಲಿ ಪಂಥದ ವ್ಯಾಖ್ಯಾನಕಾರರ ನಿಲುವು ಇವೆರಡರ ನಡುವಿನದು. ನೀರು ಹಾಕಲು ಸಾಧ್ಯವಿದ್ದೂ ಹಾಕದೆ ಒಣಗಿಸುವುದು ಮಕ್ರೂಹ್, ಅಂದರೆ ಅಪ್ರಿಯ. ಯಾಕೆಂದರೆ ಅದು ಸಂಪತ್ತನ್ನು ಹಾಳುಮಾಡುವುದು. ಗಿಡಕ್ಕೆ ನೋವಾಗುತ್ತದೆ ಎಂಬ ಕಾರಣ ಅಲ್ಲಿಲ್ಲ.

ಜೈನನಿಗೆ ಋಣವಿರುವುದು ಗಿಡಕ್ಕೆ. ಮೀಮಾಂಸಕನಿಗೆ ವಿಧಿಗೆ. ಶಾಫಿ ನ್ಯಾಯಶಾಸ್ತ್ರಿಗೆ, ಸಂಪತ್ತನ್ನು ಕೊಟ್ಟ ದೇವರಿಗೆ. ಮೂರರಲ್ಲಿ ಮೊದಲನೆಯದು ಹೃದಯಕ್ಕೆ ಹತ್ತಿರ, ಆದರೆ ಅದೇ ನೀರು ಹಾಕುವುದನ್ನು ಅತಿ ಕಷ್ಟವಾಗಿಸುವುದು. ಲೋಟ ಎತ್ತಿದರೂ ಹಿಂಸೆ, ಇಳಿಸಿದರೂ ಹಿಂಸೆ. ಮೂರನೆಯದು ತಣ್ಣಗೆ ಕೇಳಿಸುತ್ತದೆ, ಆದರೆ ಅತಿನೀರಿನ ಪ್ರಶ್ನೆಗೆ ಅದರಲ್ಲಿ ತಟ್ಟನೆ ಉತ್ತರವಿದೆ: ನೀರೂ ಸಂಪತ್ತೇ, ಗಿಡವೂ ಸಂಪತ್ತೇ, ಕೆಸರು ಮಾಡಿ ಎರಡನ್ನೂ ಕಳೆದವನು ಎರಡು ಸಲ ದುಂದು ಮಾಡಿದ. ಪ್ರವಾದಿ ಒಂದು ‘ಮುದ್ದ್’ ನೀರಿನಲ್ಲಿ ವುಝೂ, ಅಂದರೆ ನಮಾಜಿನ ಮುಂಚಿನ ಅಂಗಶುದ್ಧಿ, ಮುಗಿಸುತ್ತಿದ್ದರು ಎಂದು ಹದೀಸಿದೆ. ಮುದ್ದ್ ಎಂದರೆ ಲೀಟರಿಗೂ ಕಡಿಮೆಯ ಅಳತೆ. ಅಷ್ಟು ನೀರು ಸಾಧಾರಣ ಕುಂಡವೊಂದಕ್ಕೂ ಒಂದು ಹೊತ್ತಿಗೆ ಸಾಕು.

ನೀರಿನ ಹೊಣೆಯಿಂದಲೇ ಪಾರಾಗುವ ದಾರಿಯೊಂದನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಕಂಡುಕೊಂಡಿದ್ದ. ಕೋಶದೊಳಗಿದ್ದ ಪತಂಗದ ಹುಳುವೊಂದನ್ನು ಒದ್ದೆ ಮಣ್ಣಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದಾಗ, 1829ರ ಸುಮಾರಿಗೆ, ಅದರೊಳಗೆ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಮೊಳೆತವು. ಆವಿಯಾದ ನೀರು ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಹೆಚ್ಚುಕಡಿಮೆ ನಾಲ್ಕು ವರ್ಷ ಒಂದು ತೊಟ್ಟೂ ನೀರು ಹಾಕದೆ ಅವು ಬದುಕಿದವು. ಗಾಜಿನ ಪೆಟ್ಟಿಗೆಯಲ್ಲಿ ಗಿಡ ಸಾಗಿಸುವ ವಿದ್ಯೆ ಹುಟ್ಟಿದ್ದು ಅಲ್ಲಿಂದ. ಅದರ ಬೆನ್ನಿಗೇ ಇಂಗ್ಲೆಂಡಿನಲ್ಲಿ ಫರ್ನ್ ಹುಚ್ಚು ಹಬ್ಬಿತು. ಆ ಮೊದಲ ಗಿಡ ಸತ್ತದ್ದು ಹೇಗೆ ಎಂಬುದನ್ನು ವಾರ್ಡನೇ 1842ರ ಪುಸ್ತಕದಲ್ಲಿ ಹೇಳಿದ್ದಾನೆ. ಅವನು ಊರಲ್ಲಿರಲಿಲ್ಲ. ಮುಚ್ಚಳ ತುಕ್ಕು ಹಿಡಿದು ಮಳೆನೀರು ಮಿತಿಮೀರಿ ಒಳಗಿಳಿಯಿತು.

ಒಡೆಯ ಊರಲ್ಲಿಲ್ಲದ ಮನೆ ಭಟ್ಕಳಕ್ಕೆ ಹೊಸತಲ್ಲ. ಗಲ್ಫಿನಲ್ಲಿ ದುಡಿಯುವ ಕುಟುಂಬಗಳ ಮನೆಗಳು ವರ್ಷದ ಎಷ್ಟೋ ತಿಂಗಳು ಬೀಗ ಹಾಕಿಕೊಂಡಿರುತ್ತವೆ. ಕೀಲಿ ಪಕ್ಕದ ಮನೆಯಾಕೆಯ ಹತ್ತಿರ. ಗಿಡಗಳ ಲೆಕ್ಕ ವಾಟ್ಸ್‌ಆ್ಯಪಿನಲ್ಲಿ: ದಿನ ಬಿಟ್ಟು ದಿನ ಒಂದು ಲೋಟ. ಸಂದೇಶ ಬಂದದ್ದು ಮಾರ್ಚ್‌ನಲ್ಲಿ, ಆಗ ಅದು ಕಡಿಮೆಯೇ ಆಯಿತು. ಜುಲೈಯಲ್ಲೂ ಅದೇ ಸಂದೇಶ ಜಾರಿಯಲ್ಲಿರುತ್ತದೆ. ‘ಮಿನ್ಹಾಜ್’ನಲ್ಲಿ ನಂಬಿ ಒಪ್ಪಿಸಿಹೋದ ಸೊತ್ತಿನ ಬಗ್ಗೆಯೂ ಒಂದು ಅಧ್ಯಾಯವಿದೆ. ಒಪ್ಪಿಸಿಹೋದದ್ದು ಪ್ರಾಣಿಯಾಗಿದ್ದು, ಇಟ್ಟುಕೊಂಡವನು ಮೇವು ಹಾಕದೆ ಅದು ಸತ್ತರೆ ಅವನು ಬೆಲೆ ತೆರಬೇಕು. ಒಡೆಯನೇ ಹಾಕಬೇಡ ಎಂದಿದ್ದರೆ ತೆರಬೇಕಿಲ್ಲ ಎಂಬುದು ಸರಿಯೆಂದು ಒಪ್ಪಿತವಾದ ಅಭಿಪ್ರಾಯ; ಹಾಗಿದ್ದೂ ಜೀವವನ್ನು ಉಪವಾಸ ಕೆಡವಿದ ಪಾಪ ತಪ್ಪುವುದಿಲ್ಲ ಎಂದು ವ್ಯಾಖ್ಯಾನಕಾರರು ಸೇರಿಸುತ್ತಾರೆ. ಹೊಣೆ ಹೊತ್ತವರು ಒಡೆಯನ ಮಾತಿನ ಹಿಂದೆ ಪೂರ್ತಿ ಅಡಗಿಕೊಳ್ಳಲಾರರು ಎಂಬಷ್ಟು ಅದರಿಂದ ಸ್ಪಷ್ಟ. ಗಿಡಕ್ಕೆ ಆತ್ಮವಿಲ್ಲವೆಂದಿಟ್ಟುಕೊಂಡರೂ, ಒಡೆಯನ ಇಂಗಿತ ಗಿಡ ಬದುಕಲಿ ಎಂಬುದೇ ಹೊರತು ಲೋಟ ಖಾಲಿಯಾಗಲಿ ಎಂಬುದಲ್ಲ. ಕೀಲಿಯಾಕೆ ಪುಷ್ಯ ಮಳೆಯ ದಿನ ಕೊಡೆ ಮಡಚಿಟ್ಟು ಒಳಗೆ ಬಂದು, ಮಣ್ಣಿಗೆ ಬೆರಳಿಟ್ಟು ನೋಡಿ, ನೀರು ಹಾಕದೆ ಬಾಗಿಲು ಎಳೆದುಕೊಂಡು ಹೋದರೆ ಅವಳು ಮಾಡಿದ್ದು ಸರಿ. ಸಂಜೆ ದುಬೈಯಿಂದ ಕೇಳಿದಾಗ ‘ಹಾಕಿದೆ’ ಎನ್ನಬೇಕೋ ‘ಬೇಡವಾಗಿತ್ತು’ ಎನ್ನಬೇಕೋ ಎಂಬುದು ಸುಳ್ಳಿನ ಅಧ್ಯಾಯಕ್ಕೆ ಸೇರಿದ್ದು, ಅದು ಬೇರೆಯೇ ಚರ್ಚೆ.